ಉಪದೇಶಕ್ಕೆ ಅಪ್ಪಣೆ ಯಾರದು?

(ದಹಿಸರ್‌ನ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೇಂದ್ರ ಸರಕಾರದ ಅಧಿಕಾರಿಯಾಗಿ ನಾನು ಪುರುಷ ಸಹೋದ್ಯೋಗಿಗಳಿಗೆ ಆದೇಶ ನೀಡುತ್ತೇನೆ. ಅದು ಯಾರಿಗೂ ಅಸಹಜವೆನಿಸಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಪ್ರಾರ್ಥನಾ ಸಭೆಯೊಂದಕ್ಕೆ ಮಾತನಾಡಲು ಹೋದಾಗ, ಹಿರಿಯರೊಬ್ಬರು ಬಳಿಗೆ ಬಂದು, "ಅಮ್ಮಾ, ಪೀಠ ಹತ್ತುವುದು ಬೇಡ. ಕೆಳಗೆ ನಿಂತು ಸಾಕ್ಷಿ ಹೇಳಿ, ಉಪದೇಶ ಮಾಡಬೇಡಿ" ಎಂದರು. ನಾನು ಕೆಳಗೆ ನಿಂತೇ ಮಾತನಾಡಿದೆ. ಅಂದು ನುಂಗಿಕೊಂಡ ಮಾತನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಇದು ಕ್ರೈಸ್ತರ ಮನೆಯೊಳಗಿನ ವ್ಯಾಜ್ಯ ಮಾತ್ರವೆಂದು ತಾವು ಭಾವಿಸಬಾರದು.

ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರನ್ನು ನೆನೆಯೋಣ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ಸಮಾಧಾನ ಹೇಳಬೇಕಾಯಿತು. ಶಾಸ್ತ್ರಗಳನ್ನೇ ಆಧಾರವಾಗಿಟ್ಟು ಅವರು ಪಂಡಿತರನ್ನು ಒಪ್ಪಿಸಿದರು. ಮಗಳು 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನು ಪಡೆದರು.

1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತ ದೀಕ್ಷೆ ಪಡೆದರು. ಅಲ್ಲಿನ ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ಅವರು ಯುವಕರಿಗೆ ಪಾಠ ಹೇಳಬಹುದೇ ಎಂಬ ಪ್ರಶ್ನೆ ಎದ್ದಿತು. ಭಾರತದಲ್ಲಿದ್ದ ಆಂಗ್ಲ ಬಿಷಪರು ಅದು ತರವಲ್ಲವೆಂದರು. ತಮ್ಮ ತಂದೆಯಾಗಲಿ ಪತಿಯಾಗಲಿ ಆಕ್ಷೇಪಿಸದಿದ್ದುದನ್ನು ಇವರು ಆಕ್ಷೇಪಿಸುವುದೇ ಎಂದು ರಮಾಬಾಯಿ ಪತ್ರದಲ್ಲಿ ಅಚ್ಚರಿಪಟ್ಟರು. ಉಡುಪಿಯ ಸಭೆಯೂ ಬಿಷಪರ ಪೀಠವೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆಯಲ್ಲವೇ? ಮತ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಅವರು ವಾದದಲ್ಲೇ ಕಾಲ ಕಳೆಯಲಿಲ್ಲ. 1889ರಲ್ಲಿ ಈ ಮುಂಬಯಿಯಲ್ಲಿಯೇ ಶಾರದಾ ಸದನವನ್ನು ತೆರೆದರು. ಮುಂದೆ ಪುಣೆಯ ಬಳಿಯ ಕೇಡಗಾವ್‌ನಲ್ಲಿ ಮುಕ್ತಿ ಸದನವನ್ನು ಕಟ್ಟಿದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ಅವರು ತೀರಿಕೊಂಡರು. ಪೀಠ ಹತ್ತಬಾರದೆನ್ನುವವರು ಓದುವ ಗ್ರಂಥವನ್ನೇ ಒಬ್ಬ ಹೆಣ್ಣು ಅನುವಾದಿಸಿದ್ದು ಸಣ್ಣ ಸಂಗತಿಯಲ್ಲ.

ವಿರೋಧಿಸುವವರ ಆಧಾರವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಲಿ ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದದ್ದು ನಿಜ. ಆದರೆ ಅದೇ ಪತ್ರದ 11ನೆಯ ಅಧ್ಯಾಯದಲ್ಲಿ, ಪ್ರವಾದಿಸುವ ಸ್ತ್ರೀ ತಲೆಗೆ ಮುಸುಕು ಹಾಕಿಕೊಳ್ಳುವ ವಿಚಾರವಿದೆ. ಪೂರ್ಣ ಮೌನವೇ ವಿಧಿಯಾಗಿದ್ದರೆ ಪ್ರವಾದನೆಗೆ ಮುಸುಕಿನ ನಿಯಮವೇಕೆ? ರೋಮಾಪುರದವರಿಗೆ ಬರೆದ ಪತ್ರದಲ್ಲಿ ಫೊಯಿಬೆಯನ್ನು ಸಭೆಯ ಸೇವಕಿಯೆಂದು ಆತ ಗೌರವಿಸಿದ್ದಾನೆ. ಯೋಹಾನನ ಸುವಾರ್ತೆಯಲ್ಲಿ ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಆಕೆ ಅಂದು ಯಾರ ಅಪ್ಪಣೆಗಾಗಿ ಕಾದಿದ್ದರೆ ಸುವಾರ್ತೆ ನಮಗೆ ತಲುಪುತ್ತಿತ್ತು?

ಬದಲಾವಣೆ ನಿಧಾನವಾಗಿ ಬಂದಿದೆ. ಬಾಸೆಲ್ ಮಿಶನ್ನಿನ ಕನ್ನಡ ಸಭೆಗಳನ್ನು ಒಳಗೊಂಡ ದಕ್ಷಿಣ ಭಾರತ ಸಭೆಯು 1976ರಲ್ಲಿ ಮೊದಲ ಬಾರಿಗೆ ಮಹಿಳೆಗೆ ಗುರುದೀಕ್ಷೆ ನೀಡಿತು. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಇ. ಪುಷ್ಪಲಲಿತಾ ಅವರು ಬಿಷಪರಾದರು. ಕ್ಯಾಥೊಲಿಕ್ ಸಭೆಯಾದರೋ ಮಹಿಳೆಗೆ ಗುರುದೀಕ್ಷೆ ನೀಡುವ ಅಧಿಕಾರ ತನಗಿಲ್ಲವೆಂದು 1994ರಲ್ಲಿ ಸಾರಿತು. ಆ ನಿಲುವು ಇಂದಿಗೂ ಉಳಿದಿದೆ. ದೀಕ್ಷೆಗೆ ಒಪ್ಪಿಗೆಯಿರುವಲ್ಲಿಯೂ ಎಷ್ಟೋ ಪೀಠಗಳ ಮೆಟ್ಟಿಲು ಹೆಣ್ಣಿಗೆ ಇನ್ನೂ ಎತ್ತರವಾಗಿಯೇ ಇದೆ.

ಆ ಹಿರಿಯರು ಕೆಟ್ಟವರಾಗಿರಲಿಲ್ಲ. ತಾವು ಶಾಸ್ತ್ರಕ್ಕೆ ವಿಧೇಯರೆಂದು ನಂಬಿದ್ದರು. ನನ್ನ ತಪ್ಪೆಂದರೆ ಸೌಜನ್ಯವೆಂದು ತಿಳಿದು ಸುಮ್ಮನಾದದ್ದು. ಆ ಸಭೆಯ ಹಿಂದಿನ ಸಾಲಿನಲ್ಲಿ ಹೆಣ್ಣುಮಕ್ಕಳು ಕುಳಿತಿದ್ದರು. ನನ್ನ ಮಾತಿಗಿಂತ ನಾನು ನಿಂತ ಜಾಗವೇ ಅವರಿಗೆ ಪಾಠವಾಯಿತೇನೋ ಎಂಬ ಅಳುಕು ಇಂದಿಗೂ ಹೋಗಿಲ್ಲ.

ಹೊರನಾಡಿನಲ್ಲಿ ನಾವು ಭಾಷೆಯನ್ನು ಜತನದಿಂದ ಉಳಿಸಿಕೊಂಡಿದ್ದೇವೆ. ಊರಿನಿಂದ ತಂದದ್ದೆಲ್ಲವನ್ನೂ ಹಾಗೆಯೇ ಉಳಿಸಿಕೊಳ್ಳಬೇಕೆಂದಿಲ್ಲ. ನಮ್ಮ ಗುಡಿ, ಮಸೀದಿ, ಇಗರ್ಜಿ, ಸಂಘಗಳಲ್ಲಿ ಹೆಣ್ಣುಮಗಳೊಬ್ಬಳು ಮಾತಾಡಲು ಎದ್ದಾಗ, ಆಕೆಗೆ ಅಪ್ಪಣೆ ಕೊಟ್ಟವರು ಯಾರೆಂದು ಕೇಳುವ ಮೊದಲು ಆಕೆ ಹೇಳುವುದೇನೆಂದು ಕೇಳೋಣ. ಇಷ್ಟೇ ನನ್ನ ವಿನಂತಿ.