ವರ್ಗಗಳ ಕೊರಳಹಾರ



ಲೆಕ್ಕ ಅಂದರೆ ಬಡ್ಡಿ, ಬಾಕಿ, ಕಬ್ಬಿನ ಬಿಲ್ಲು ಅಂತಲೇ ನಮಗೆ ರೂಢಿ. ನೃಪತುಂಗನ ಕಾಲದಲ್ಲಿ ಅದನ್ನು ಆಟವಾಗಿಯೂ ಕಂಡವರು ಮಹಾವೀರಾಚಾರ್ಯರು. ಆಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುಮಾರು 850ರಲ್ಲಿ ಅವರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಕೆಲವಕ್ಕೆ ಉತ್ತರ ಕೊರಳಹಾರದ ಹಾಗೆ: ಯಾವ ತುದಿಯಿಂದ ಓದಿದರೂ ಒಂದೇ. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಈ ಗ್ರಂಥ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.

ಅದರಲ್ಲಿನ ಒಂದು ಲೆಕ್ಕ: 27994681ನ್ನು 441ರಿಂದ ಗುಣಿಸಿ. ಬರುವುದು 12345654321. ಒಂದರಿಂದ ಆರಕ್ಕೆ ಹತ್ತಿ, ಮತ್ತೆ ಒಂದಕ್ಕೆ ಇಳಿಯುತ್ತದೆ.

ಚಪ್ಪಾಳೆ ಆಮೇಲೆ, ಮೊದಲು ದಾರದ ಗಂಟು ಹುಡುಕೋಣ. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾದರೆ ಇಡೀ ಹಾರ ಆರು ಒಂದುಗಳ ವರ್ಗ!

ಮಕ್ಕಳೇ, ಪಾಟಿಯ ಮೇಲೆ 111ನ್ನು 111ರಿಂದಲೇ ಗುಣಿಸಿ. ಸಾಲು ಮೂರು, ಮೂರರಲ್ಲೂ 111. ಪ್ರತಿ ಸಾಲು ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಕೆಳಗೆ ಕೂಡಿಸಿದರೆ ತುದಿಯ ಮನೆಗಳಲ್ಲಿ ಒಂದು, ಅದರ ಒಳಗೆ ಎರಡು, ನಡುವೆ ಮೂರು: 12321. ಇದರ ಅಂಕಿಗಳನ್ನು ಕೂಡಿಸಿ: 9. ಅದು 3ರ ವರ್ಗ. ಆಚಾರ್ಯರ ಹಾರದ ಅಂಕಿಗಳ ಮೊತ್ತ 36, 6ರ ವರ್ಗ. ಯಾಕೆ? ಆರು ಸಾಲು, ಸಾಲಿಗೆ ಆರು ಒಂದು. ಕೂಡಿಸುವಾಗ ಅವು ಮನೆ ಹಂಚಿಕೊಂಡವೇ ಹೊರತು ಒಂದೂ ಕಳೆದುಹೋಗಲಿಲ್ಲ.

ಒಂಬತ್ತು ಒಂದುಗಳವರೆಗೆ ಹಾರ ಹರಿಯುವುದಿಲ್ಲ: 12345678987654321. ಹತ್ತಕ್ಕೆ ಹೋದಿರೋ, ನಡುಮನೆಯಲ್ಲಿ ಹತ್ತು ಬೀಳುತ್ತದೆ, ದಶಕ ಎಡಕ್ಕೆ ಹೋಗುತ್ತದೆ, ಅಲ್ಲಿನ ಒಂಬತ್ತೂ ಹತ್ತಾಗಿ ಮತ್ತೊಂದು ದಶಕವನ್ನು ಆಚೆಗೆ ದಾಟಿಸುತ್ತದೆ. ಉತ್ತರ 1234567900987654321, ಈಗ ತುದಿ ಬದಲಿಸಿ ಓದಿದರೆ ಹೊಂದುವುದಿಲ್ಲ.

ನನಗೆ ಹಾರಕ್ಕಿಂತ ಈ ಹರಿದ ಜಾಗವೇ ಹೆಚ್ಚು ಇಷ್ಟ. ಚಂದದ ಉತ್ತರ ನೋಡಿ ಬೆರಗಾಗುವುದು ಸುಲಭ. ಅದು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಕೇಳಿದಾಗ ಆಟ ಗಣಿತವಾಗುತ್ತದೆ. ಅದಕ್ಕೇ ಈ ಪ್ರಶ್ನೆಯನ್ನು ನಿಮ್ಮ ಮನೆಗೆ ಕಳಿಸುತ್ತೇನೆ: ಹತ್ತು ಸಾಲು, ಸಾಲಿಗೆ ಹತ್ತು ಒಂದು, ಅಂಕಿಗಳ ಮೊತ್ತ 100 ಆಗಬೇಕಿತ್ತು. ಕೂಡಿಸಿದರೆ 82 ಬರುತ್ತದೆ. ಉಳಿದ 18 ಎಲ್ಲಿ ಹೋಯಿತು? ಹೋದದ್ದು ಎರಡು ದಶಕ ಎಂಬುದನ್ನು ನೆನಪಿಟ್ಟುಕೊಂಡು ಹುಡುಕಿ.