ಹಡಗಲಿಯ ಗುಡಿಗಳು ಯಾರ ಸೊತ್ತು?



ದೂರದೇಶದವರು ಹಂಪೆಯನ್ನು ನೋಡಲು ಬರುತ್ತಾರೆ. ನೋಡಿ ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ. ತುಂಗಭದ್ರೆಯ ದಂಡೆ ಹಿಡಿದು ಮೇಲಕ್ಕೆ ನಡೆದರೆ, ವಿಜಯನಗರವು ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲೇ ನಿಂತ ಗುಡಿಗಳು ಹಡಗಲಿ ಸೀಮೆಯಲ್ಲಿ ಉಂಟೆಂಬುದು ಅವರಿಗೆ ತಿಳಿಯದು. ಅದು ಅವರ ತಪ್ಪಲ್ಲ. ನಮಗೂ ತಿಳಿಯದಿರುವುದು ಮಾತ್ರ ಶೋಚನೀಯವು.

ನಮ್ಮ ತಾಲ್ಲೂಕು ಎಂದಿಗೂ ಯಾವುದಾದರೊಂದು ರಾಜಧಾನಿಯ ಅಂಚಿನದು. ಹಿರೇಹಡಗಲಿಯಲ್ಲಿ ದೊರೆತ ತಾಮ್ರಶಾಸನವು ಪಲ್ಲವ ಶಿವಸ್ಕಂದವರ್ಮನದು. ಅದು ಕಂಚಿಯಿಂದ ಹೊರಟ ಪ್ರಾಕೃತ ಭಾಷೆಯ ಆಜ್ಞೆ. ಬಳಿಕ ಕಲ್ಯಾಣದ ಅರಸರು ಆಳಿದರು, ವಿಜಯನಗರದವರು ಆಳಿದರು. ಆಂಗ್ಲರ ಕಾಲದಲ್ಲಿ ನಮ್ಮ ಅರ್ಜಿಗಳು ಮದರಾಸಿಗೆ ಹೋಗುತ್ತಿದ್ದವು. 1953ರಲ್ಲಿ ಮೈಸೂರನ್ನು ಸೇರಿದೆವು. 1956ರಲ್ಲಿ ಕನ್ನಡ ನಾಡು ಒಂದಾಯಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದೆವು. ಕಚೇರಿಗಳು ಬದಲಾದುವು, ಗುಡಿಗಳು ಕದಲಲಿಲ್ಲ.

ಅಂಚಿನ ಊರೆಂದು ನಮ್ಮ ಹಿರಿಯರು ಕೀಳು ಕೆಲಸಕ್ಕೆ ಒಪ್ಪಿದವರಲ್ಲ. ಹಿರೇಹಡಗಲಿಯ ಕಲ್ಲೇಶ್ವರನ ಗುಡಿಯನ್ನು 1057ರ ಸುಮಾರಿಗೆ ಕಟ್ಟಿಸಿದವನು ಚಾಲುಕ್ಯ ಒಂದನೆಯ ಸೋಮೇಶ್ವರನ ಪ್ರಧಾನ ದೇಮರಸನು. ಅದೇ ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಮುಳುಗಿ ದೇಹತ್ಯಾಗ ಮಾಡಿದನು. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಕಂಡವರು ಬೇಲೂರೊಂದನ್ನೇ ಹೊಗಳಿ ಸುಮ್ಮನಾಗಲಾರರು. ಮಾಗಳದ ಗುಡಿಯೂ ಈ ಸಾಲಿನದೇ. ಇನ್ನು ನಮ್ಮ ಹಡಗಲಿ ಪಟ್ಟಣದ ಕೇಶವಸ್ವಾಮಿ ದೇವಾಲಯವನ್ನು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಮಡದಿ. ಹೂವಿನಹಡಗಲಿಯ ಮಲ್ಲಿಗೆಯನ್ನು ಮುಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಈ ಕಟ್ಟಡಗಳನ್ನು ಅಳೆದು, ಬಾಗಿಲುವಾಡಗಳ ಚಿತ್ರ ಬರೆದು, 1896ರಲ್ಲಿ ಗ್ರಂಥವಾಗಿ ಪ್ರಕಟಿಸಿದವನು ಮದರಾಸು ಸರಕಾರದ ಪುರಾತತ್ತ್ವಾಧಿಕಾರಿ ಅಲೆಗ್ಸಾಂಡರ್ ರೀ. ಪರದೇಶದವನು ಅಳತೆಗೋಲು ಹಿಡಿದು ಬಂದನು. ನಾವು ನಿತ್ಯವೂ ಅದೇ ಗೋಡೆಯ ಪಕ್ಕದಲ್ಲಿ ಹಾದುಹೋಗುತ್ತ ತಲೆ ಎತ್ತಿ ನೋಡೆವು!

ಗುಡಿಗಳು ಯಾರ ಸೊತ್ತೆಂದು ಕೇಳಿದರೆ ಕೆಲವರು ಸರಕಾರದ್ದೆನ್ನುವರು, ಕೆಲವರು ಪೂಜಾರಿಗಳದ್ದೆನ್ನುವರು. ಇಲಾಖೆಯು ಬೇಲಿ ಹಾಕಬಲ್ಲದು, ಪೂಜಾರಿಯು ದೀಪ ಹಚ್ಚಬಲ್ಲನು. ಆದರೆ ಊರಿನವರಿಗೆ ಅಭಿಮಾನವಿಲ್ಲದ ಕಲ್ಲನ್ನು ಇಬ್ಬರೂ ಉಳಿಸಲಾರರು. ಬಳಪದ ಕಲ್ಲಿನ ನಯಗೆಲಸದ ಮೇಲೆ ಸುಣ್ಣ ಬಳಿಯುವುದು, ಗುಡಿಯ ಗೋಡೆಗೆ ಒತ್ತಿ ಮನೆ ಎಬ್ಬಿಸುವುದು, ನಿಧಿಯಾಸೆಯಿಂದ ನೆಲ ಅಗೆಯುವುದು, ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಸುವುದು, ಇವೆಲ್ಲ ಶತ್ರುಗಳ ಕೆಲಸವಲ್ಲ, ತಿಳಿಯದವರ ಕೆಲಸ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೇ. ವರ್ಷಕ್ಕೊಂದು ದಿನ ಮಕ್ಕಳನ್ನು ತಮ್ಮೂರಿನ ಹಳೆಯ ಗುಡಿಗೆ ಕರೆದೊಯ್ಯಿರಿ. ಕಟ್ಟಿಸಿದವರ ಹೆಸರು, ಇಸವಿ, ಕಲ್ಲಿನ ಜಾತಿ, ಇವನ್ನು ಬರೆಯಿಸಿರಿ. ನೀವೂ ಹಳಗನ್ನಡ ಲಿಪಿಯ ನಾಲ್ಕು ಸಾಲನ್ನು ಓದಲು ಕಲಿಯಿರಿ. ಊರೂರಿನ ಶಾಸನಗಳ ಪಟ್ಟಿ ಶಾಲೆಯಲ್ಲಿರಲಿ. ನಾಡು ಒಂದಾಗುವುದು ನಕಾಶೆಯ ಮೇಲೆ ಗೆರೆ ಎಳೆದುದರಿಂದ ಮಾತ್ರವಲ್ಲ. ಅಂಚಿನ ಊರೂ ತನ್ನ ಹೆಸರನ್ನು ತಾನೇ ಓದಬಲ್ಲುದಾದಾಗ.