ಮಾರ್ಪಡಿಸಿದ ಮೋಟಾರು ಕಾರು ಮತ್ತು ಹವ್ಯಾಸಿ ಛಾಯಾಗ್ರಾಹಕ
(ಶಾಲೆಯ ಹವ್ಯಾಸ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಛಾಯಾಚಿತ್ರದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಕೇಳಿದಾಗ, ನಾನು ಪಯಸ್ವಿನಿಯ ದಡವನ್ನೋ ಬೇಕಲದ ಕೋಟೆಯನ್ನೋ ಆರಿಸಿಕೊಳ್ಳುವೆನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡುದು ಮೋಟಾರು ಕಾರನ್ನು; ಅದೂ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರನ್ನಲ್ಲ, ಒಡೆಯನ ಇಚ್ಛೆಗೆ ತಕ್ಕಂತೆ ಕತ್ತರಿಸಿ, ಬೆಸೆದು, ಬೇರೊಂದು ರೂಪ ಕೊಟ್ಟ ಕಾರನ್ನು. ಇದಕ್ಕೆ ಕಾರಣವುಂಟು. ಇಂದು ಮನೆಮನೆಯಲ್ಲಿಯೂ ಕ್ಯಾಮರಾ ಉಳ್ಳ ಮೊಬೈಲು ಇದೆ. ದಾರಿಯಲ್ಲಿ ಅಂತಹ ವಾಹನವೊಂದು ನಿಂತಿದ್ದರೆ ಹತ್ತು ಕೈಗಳು ಒಡನೆಯೇ ಮೇಲೇಳುತ್ತವೆ. ಆದರೆ ಆ ಹತ್ತು ಚಿತ್ರಗಳಲ್ಲಿಯೂ ಹೊಳಪು ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಕೆಲಸ ಕಾಣುವಂತೆ ಚಿತ್ರ ತೆಗೆಯುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಹವ್ಯಾಸಿ ಎಂದೊಡನೆ ಅರೆಕಲಿತವನೆಂದು ತಿಳಿಯುವವರುಂಟು. ಇಂಗ್ಲಿಷಿನವರು ಹೇಳುವ 'ಅಮೆಚೂರ್' ಎಂಬ ಮಾತಿನ ಲ್ಯಾಟಿನ್ ಮೂಲಕ್ಕೆ 'ಪ್ರೀತಿಸುವವನು' ಎಂಬುದೇ ಅರ್ಥ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ಎಂಬಾತನು 1894ರಲ್ಲಿ ಹುಟ್ಟಿದವನು; ಬಾಲ್ಯದಿಂದಲೇ ಕ್ಯಾಮರಾ ಹಿಡಿದವನು; ವೃತ್ತಿಯಿಂದ ಚಿತ್ರಕಾರ, ಛಾಯಾಚಿತ್ರದಲ್ಲಿ ಹವ್ಯಾಸಿ. ಹದಿಹರೆಯ ಮುಗಿಯುವ ಹೊತ್ತಿಗೆ ಅವನು ತೆಗೆದ ಪಂದ್ಯದ ಕಾರಿನ ಚಿತ್ರವೊಂದಿದೆ. ಓಡುವ ಕಾರಿನೊಡನೆ ಅವನು ಕ್ಯಾಮರಾವನ್ನೂ ತಿರುಗಿಸಿದುದರಿಂದ, ಕ್ಯಾಮರಾದ ಪರದೆಯ ಸೀಳು ನಿಧಾನವಾಗಿ ಸರಿದುದರಿಂದ, ಚಕ್ರವು ಮುಂದಕ್ಕೆ ವಾಲಿದ ಅಂಡಾಕಾರವಾಗಿಯೂ ದಾರಿಬದಿಯ ಜನರು ಹಿಂದಕ್ಕೆ ಬಾಗಿದಂತೆಯೂ ಮೂಡಿದರು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 1963ರಲ್ಲಿ ಅವನ ಚಿತ್ರಗಳನ್ನು ಪ್ರದರ್ಶಿಸಿದಾಗ ಅವನಿಗೆ ಅರುವತ್ತೊಂಬತ್ತರ ವಯಸ್ಸು. ಕೀರ್ತಿ ಬಂದುದು ತಡವಾಗಿ. ಪ್ರೀತಿ ಇದ್ದುದು ಮೊದಲಿನಿಂದ.

ಇನ್ನು ಮಾರ್ಪಡಿಸಿದ ಕಾರಿಗೆ ಬರೋಣ. ಈ ಕಲೆಯು ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಶೇಷವಾಗಿ ಬೆಳೆಯಿತು. ಬಾಬ್ ಹಿರೊಹಟ ಎಂಬ ಜಪಾನೀ ಮೂಲದ ಅಮೆರಿಕನ್ ತರುಣನು ತನ್ನ 1951ರ ಮರ್ಕ್ಯುರಿ ಕಾರನ್ನು ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಎಂಬ ಸೋದರರ ಕಾರ್ಯಾಗಾರಕ್ಕೆ ಕೊಟ್ಟನು. 1952ರಲ್ಲಿ ಅವರು ಅದರ ಛಾವಣಿಯನ್ನು ಮುಂದೆ ನಾಲ್ಕು ಅಂಗುಲ, ಹಿಂದೆ ಏಳು ಅಂಗುಲ ತಗ್ಗಿಸಿದರು. ನಡುವಣ ಕಂಬಗಳನ್ನು ತೆಗೆದರು. ತಿಳಿ ಹಸುರು, ಕಡು ಹಸುರು ಎಂದು ಎರಡು ಬಣ್ಣ ಕೊಟ್ಟರು. ಭಾರವಾಗಿ ಕುಳಿತಂತೆ ಕಾಣುತ್ತಿದ್ದ ಕಾರು ನೆಲದ ಮೇಲೆ ಹರಿಯುವ ವಸ್ತುವಿನಂತಾಯಿತು. ಅದರ ಚಿತ್ರಗಳು ಮೋಟಾರು ಪತ್ರಿಕೆಗಳಲ್ಲಿ ಅಚ್ಚಾಗಿ ದೇಶವೆಲ್ಲ ಹರಡಿದವು. ಜಾರ್ಜ್ ಬ್ಯಾರಿಸ್ ತಾನೇ ಕ್ಯಾಮರಾ ಹಿಡಿದು ಪತ್ರಿಕೆಗಳಿಗೆ ಚಿತ್ರ ಒದಗಿಸುತ್ತಿದ್ದನೆಂಬುದು ಗಮನಿಸತಕ್ಕ ಸಂಗತಿ.

ಮುಂದೆ ಆ ಕಾರು ಕೈಯಿಂದ ಕೈಗೆ ಹೋಯಿತು, ಬಣ್ಣವೂ ಬದಲಾಯಿತು. ಕೊನೆಗೆ ಐದುನೂರು ಡಾಲರಿಗೆ ಒಬ್ಬ ಹುಡುಗನ ಪಾಲಾಗಿ, ದಶಕಗಳ ಕಾಲ ಮನೆಯ ಗ್ಯಾರೇಜಿನಲ್ಲಿ ಉಳಿಯಿತು. ಆತನೇ ವಯಸ್ಕನಾದ ಮೇಲೆ ವರ್ಷಗಟ್ಟಲೆ ದುಡಿದು ಅದಕ್ಕೆ ಹಳೆಯ ರೂಪವನ್ನೂ ಹಳೆಯ ಹಸುರನ್ನೂ ಮರಳಿ ಕೊಟ್ಟನು. 2022ರ ಜನವರಿಯ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿದುದು. ಎಲ್ಲ ಕಾರುಗಳಿಗೂ ಈ ಭಾಗ್ಯವಿಲ್ಲ. ಮಾರ್ಪಡಿಸಿದ ಕಾರನ್ನು ಮುಂದಿನ ಒಡೆಯನು ಮತ್ತೆ ಮಾರ್ಪಡಿಸುತ್ತಾನೆ. ಇಲ್ಲವೇ ಅದು ಗುಜರಿಗೆ ಹೋಗುತ್ತದೆ. ಆಗ ಉಳಿಯುವುದು ಚಿತ್ರವೊಂದೇ.

ಇಲ್ಲಿ ಒಂದು ವಿಚಿತ್ರವನ್ನು ತಾವು ಯೋಚಿಸಬೇಕು. ಛಾವಣಿಯನ್ನು ಕತ್ತರಿಸಿ ಬೆಸೆದ ಮೇಲೆ ಬೆಸುಗೆಯ ಗಾಯ ಉಳಿಯುತ್ತದೆ. ಆ ಕಾಲದ ಕೆಲಸಗಾರರು ಕಾಯಿಸಿ ಮೆದುವಾಗಿಸಿದ ಸೀಸವನ್ನು ಅದರ ಮೇಲೆ ಹರಡಿ, ಅರದಿಂದ ಉಜ್ಜಿ, ಬೆರಳಿಗೂ ಸಿಗದಂತೆ ನಯಗೊಳಿಸುತ್ತಿದ್ದರು. ಆದುದರಿಂದಲೇ ಇಂತಹ ಕಾರುಗಳಿಗೆ 'ಸೀಸದ ಜಾರುಬಂಡಿ' ಎಂಬರ್ಥದ ಅಡ್ಡಹೆಸರು ಬಂದಿತು. ನಮ್ಮ ಗ್ಯಾರೇಜುಗಳಲ್ಲಿ ಇಂದು ಸೀಸದ ಬದಲು ಪುಟ್ಟಿಯನ್ನು ಬಳಸುತ್ತಾರೆ. ಕೆಲಸದ ಮರ್ಮವು ಅದೇ. ಬಡಗಿಯ ಕೀಲು ಕಣ್ಣಿಗೆ ಬೀಳುತ್ತದೆ, ಶಿಲ್ಪಿಯ ಉಳಿಯ ಗುರುತು ಕಲ್ಲಿನಲ್ಲಿ ಉಳಿಯುತ್ತದೆ. ಟಿಂಕರಿಂಗ್ ಮೇಸ್ತ್ರಿಯ ಕೆಲಸವಾದರೋ, ಎಷ್ಟು ಚೆನ್ನಾಗಿದ್ದರೆ ಅಷ್ಟು ಕಾಣದಾಗುತ್ತದೆ. ಬಣ್ಣ ಒಣಗಿದ ದಿನ ಅವನ ಶ್ರಮ ಮರೆಯಾಗುತ್ತದೆ. ಹೊಗಳಿಕೆ ಒಡೆಯನಿಗೆ ಸಲ್ಲುತ್ತದೆ.

ಆದುದರಿಂದ ನಾನು ಹೇಳುವ ಮೊದಲನೆಯ ಮಾತು ಇದು: ಬಣ್ಣ ಬಳಿಯುವುದಕ್ಕೆ ಮುನ್ನ ಚಿತ್ರ ತೆಗೆಯಿರಿ. ನಿಮ್ಮೂರಿನ ಗ್ಯಾರೇಜಿನಲ್ಲಿ ಹಳೆಯ ಜೀಪೊಂದು ಕೆಲಸಕ್ಕೆ ನಿಂತಿದ್ದರೆ, ಒಡೆಯರ ಮತ್ತು ಮೇಸ್ತ್ರಿಯ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ಹೋಗಿರಿ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ನಿಂತು ಒಂದು ಚಿತ್ರ. ಬೆಸುಗೆಯ ಸಮೀಪದಿಂದ ಒಂದು ಚಿತ್ರ. ಕೆಲಸ ಮಾಡುವ ಕೈಗಳದು ಒಂದು ಚಿತ್ರ. ವಿದ್ಯುತ್ ಬೆಸುಗೆ ನಡೆಯುವಾಗ ಮಾತ್ರ ದೂರವಿರಿ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿಗೆ ಅಪಾಯ.

ಎರಡನೆಯದಾಗಿ, ಪೂರ್ಣಗೊಂಡ ಕಾರು ಒಂದು ಕನ್ನಡಿ. ನೀವು ಚಿತ್ರಿಸುವುದು ಅದನ್ನಷ್ಟೇ ಅಲ್ಲ, ಅದರಲ್ಲಿ ಮೂಡಿರುವ ಕಂಬ, ತಂತಿ, ಗೋಡೆ, ಕೊನೆಗೆ ನಿಮ್ಮನ್ನೇ. ಕ್ಯಾಮರಾ ತೆಗೆಯುವ ಮೊದಲು ಒಂದು ಸುತ್ತು ಬಂದು ಏನೇನು ಪ್ರತಿಫಲಿಸುತ್ತಿದೆ ಎಂದು ನೋಡಿರಿ. ನಡುಹಗಲಿನ ಬಿಸಿಲು ಲೋಹದ ಮೇಲೆ ಬಿಳಿಯ ಕಲೆಗಳನ್ನು ಮಾಡುತ್ತದೆ. ಸೂರ್ಯ ಮುಳುಗಿದ ಬಳಿಕದ ಹದಿನೈದು ಇಪ್ಪತ್ತು ನಿಮಿಷ, ತೆರೆದ ಬಯಲಿನಲ್ಲಿ, ಆಕಾಶವೇ ಒಂದು ದೊಡ್ಡ ದೀಪವಾಗಿ ಕಾರಿನ ತಿರುವುಗಳ ಮೇಲೆ ಮೆಲ್ಲನೆ ಇಳಿಯುತ್ತದೆ. ಪೋಲರೈಸರ್ ಎಂಬ ಗಾಜನ್ನು ಮಸೂರದ ಮುಂದೆ ತಿರುಗಿಸಿದರೆ ಕಿಟಕಿಯ ಮತ್ತು ಬಣ್ಣದ ಮೇಲಿನ ಪ್ರತಿಫಲನ ತಗ್ಗುತ್ತದೆ. ಬರಿಯ ಲೋಹದ ಮೇಲಿನದು ಅಷ್ಟಾಗಿ ತಗ್ಗದು. ಅದು ಇಲ್ಲದವರು ಅದೇ ಜಾತಿಯ ತಂಪು ಕನ್ನಡಕದ ಗಾಜನ್ನು ಮೊಬೈಲಿನ ಮುಂದೆ ಹಿಡಿದು ನೋಡಬಹುದು.

ಮೂರನೆಯದು ಪ್ರಮಾಣ. ಛಾವಣಿಯನ್ನು ನಾಲ್ಕು ಅಂಗುಲ ತಗ್ಗಿಸಿದವನ ಕೌಶಲವೆಲ್ಲ ಆ ನಾಲ್ಕು ಅಂಗುಲದಲ್ಲಿದೆ. ನಿಂತ ಎತ್ತರದಿಂದ ಕೆಳನೋಡಿ ಚಿತ್ರ ತೆಗೆದರೆ ಅದು ಕಾಣದು. ಮಂಡಿಯೂರಿ, ಕಾರಿನ ದೀಪದ ಮಟ್ಟಕ್ಕೆ ಇಳಿಯಿರಿ. ತೀರ ಹತ್ತಿರದಿಂದ ತೆಗೆದರೆ ಮೂತಿ ದೊಡ್ಡದಾಗಿ ಬಾಲ ಸಣ್ಣದಾಗುತ್ತದೆ. ಹಾಗಾದರೆ ಕೆಲಸಗಾರನ ಅಳತೆಯನ್ನು ನಾವು ಕೆಡಿಸಿದಂತೆ. ಹತ್ತು ಹೆಜ್ಜೆ ಹಿಂದೆ ಸರಿದು, ದೂರವನ್ನು ಸಮೀಪಕ್ಕೆ ತರುವ ಮಸೂರವನ್ನು ಬಳಸಿರಿ. ಒಂದು ಚಿತ್ರವನ್ನಾದರೂ ನೇರ ಪಕ್ಕದಿಂದ ತೆಗೆಯಿರಿ. ಮುಂದೆ ಅಳತೆ ತಿಳಿಯಬೇಕಾದವರಿಗೆ ಅದೇ ಆಧಾರ.

ಕಾನೂನಿನ ವಿಷಯವಾಗಿಯೂ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ರೂಪವನ್ನು ಮನಬಂದಂತೆ ಬದಲಿಸುವುದಕ್ಕೆ ತಡೆಯೊಡ್ಡುತ್ತದೆ. ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ತೀರ್ಪಿತ್ತಿತು. ರಸ್ತೆಯಲ್ಲಿ ನಡೆಯುವವನ ಪ್ರಾಣಕ್ಕಿಂತ ಯಾವ ಅಂದವೂ ದೊಡ್ಡದಲ್ಲ. ಈ ತಡೆ ನ್ಯಾಯವೇ ಆಗಿದೆ. ಆದರೆ ಇದರಿಂದ ಛಾಯಾಗ್ರಾಹಕನ ಹೊಣೆ ಹೆಚ್ಚುತ್ತದೆ. ಒಪ್ಪಿಗೆಯಿಲ್ಲದೆ ಯಾರ ವಾಹನದ ಸಂಖ್ಯೆಯನ್ನೂ ಮುಖವನ್ನೂ ಪ್ರಕಟಿಸಬೇಡಿರಿ. ಚಿತ್ರಕ್ಕಾಗಿ ಯಾರನ್ನೂ ವೇಗವಾಗಿ ಓಡಿಸೆಂದು ಹುರಿದುಂಬಿಸಬೇಡಿರಿ.

ಕೊನೆಯದಾಗಿ, ಚಿತ್ರ ತೆಗೆದ ಮೇಲೆ ಅದರ ಕೆಳಗೆ ಬರೆಯಿರಿ. ಯಾವ ಊರು, ಯಾವ ತಾರೀಕು, ಯಾವ ವರ್ಷದ ಗಾಡಿ, ತಗಡು ಬಡಿದವರು ಯಾರು, ಬೆಸೆದವರು ಯಾರು, ಬಣ್ಣ ಹಾಕಿದವರು ಯಾರು ಎಂಬುದನ್ನು ಅವರವರನ್ನೇ ಕೇಳಿ, ನಮ್ಮ ಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಆ ಮೇಸ್ತ್ರಿಗೆ ಕೊಡಿರಿ. ಕಾರು ಮಾರಾಟವಾಗಿ ಎಲ್ಲಿಯೋ ಹೋದೀತು. ಗ್ಯಾರೇಜಿನ ಗೋಡೆಯ ಮೇಲೆ ಆ ಚಿತ್ರ ಇರುತ್ತದೆ, ಚಿತ್ರದ ಕೆಳಗೆ ಅವನ ಹೆಸರು ಇರುತ್ತದೆ.